ಮಲ್ಲಯ್ಯನ ದಾರಿಗೆ ಒಂದು ದಬ್ಬಣ ಇರಲಿ

ಹಲಸಂಗಿ ಅಂದ ಕೂಡಲೇ ನಿಮಗೆ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, 1931ರಲ್ಲಿ ಅಚ್ಚಾದ ‘ಗರತಿಯ ಹಾಡು’ ನೆನಪಾಗಬಹುದು. ನೆನಪಾಗಲೇಬೇಕು ಬಿಡಿ. ಆದರೆ ಇವತ್ತು ನಾನು ಬರೆಯಹೊರಟಿರುವುದು ಚಪ್ಪಲಿ ಮತ್ತು ಚೀಲದ ಬಗ್ಗೆ :-)

ಹೋಳಿ ಹುಣ್ಣಿಮೆ ಮುಗಿಯಿತೆಂದರೆ ನಮ್ಮ ಕಡೆ ಶ್ರೀಶೈಲದ ಗಾಳಿ ಬೀಸಲು ಶುರು. ಹಲಸಂಗಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಲಿನ ಹಳ್ಳಿಗಳಿಂದ ಜನ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಮುಂದೆ ನಿಲ್ಲಬೇಕು. ಕೈಯಲ್ಲಿರುವುದು ಹೆಚ್ಚೆಂದರೆ ಹದಿನೈದು ದಿನ, ದಾರಿ ನಾಲ್ಕುನೂರು ಕಿಲೋಮೀಟರಿಗೂ ಮೇಲೆ. ಕೃಷ್ಣೆ ದಾಟಿ, ರಾಯಚೂರು ಸೀಮೆ ಹಾಯ್ದು, ಆಂಧ್ರದ ಆತ್ಮಕೂರು ಮುಟ್ಟಿ, ವೆಂಕಟಾಪುರದಿಂದ ನಲ್ಲಮಲ ಕಾಡು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೊನೆಗೆ ಕೈಲಾಸ ದ್ವಾರ. ಲೆಕ್ಕ ಹಾಕಿ ನೋಡಿ, ಒಬ್ಬೊಬ್ಬರದೂ ಐದು ಲಕ್ಷಕ್ಕೂ ಹೆಚ್ಚು ಹೆಜ್ಜೆ! ಅಂದರೆ ಚೀಲದ ಪಟ್ಟಿಯೂ ಅಷ್ಟೇ ಸಲ ಜಗ್ಗಿಸಿಕೊಳ್ಳುತ್ತೆ.

ನಿಮ್ಮಲ್ಲಿ ಬಹಳ ಜನ ಚಾರಣಪ್ರಿಯರು. ಕುಮಾರ ಪರ್ವತ, ಕೊಡಚಾದ್ರಿ ಅಂತ ಶನಿವಾರ ಹೋಗಿ ಭಾನುವಾರ ವಾಪಸ್ ಬರುವವರು. ತಪ್ಪು ತಿಳಿಯಬೇಡಿ, ಎರಡು ದಿನದ ಚಾರಣದಲ್ಲಿ ಎಲ್ಲಾ ಸಾಮಾನೂ ಗಟ್ಟಿಯೇ. ಯಾವುದು ನಿಜಕ್ಕೂ ಗಟ್ಟಿ ಅಂತ ಗೊತ್ತಾಗೋದು ಆರನೇ ದಿನ, ಏಳನೇ ದಿನ. ನಾನು ಈ ದಾರಿಯಲ್ಲಿ ಎರಡು ಸಲ ನಡೆದಿದ್ದೇನೆ. ಅದರ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ದಾರಿಯಲ್ಲಿ ರಿಪೇರಿ ಮಾಡಲು ಬಾರದ ವಸ್ತು ದೂರದ ನಡಿಗೆಗೆ ಗಟ್ಟಿ ವಸ್ತುವೇ ಅಲ್ಲ, ಅದರ ಬೆಲೆ ಎಷ್ಟೇ ಇರಲಿ.

ಮೊದಲು ಶೂ ವಿಷಯ. ಶೂ ಸೋಲುವುದು ಬಟ್ಟೆಯಲ್ಲಿ ಕಡಿಮೆ, ಅಂಟಿನಲ್ಲಿ ಹೆಚ್ಚು. ಹೊರಗೆ 40 ಡಿಗ್ರಿ ಬಿಸಿಲಿದ್ದರೆ ಡಾಂಬರು 60 ಡಿಗ್ರಿ ಮುಟ್ಟುವುದುಂಟು. ಆ ಕಾವಿಗೆ ಅಂಟು ಸಡಿಲವಾಗುತ್ತೆ, ಮುಂಗಾಲಿನ ಹತ್ತಿರ ದಿನಕ್ಕೆ ಸಾವಿರಾರು ಸಲ ಮಡಚಿ ಮಡಚಿ ಸೋಲು ಬಿಟ್ಟುಕೊಳ್ಳುತ್ತೆ. ಒಳಗಿನ ಮೆತ್ತನೆ ಫೋಮಿಗೂ ಆಯುಷ್ಯವಿದೆ. ಓಡುವ ಶೂಗಳಿಗೆ 500ರಿಂದ 800 ಕಿಲೋಮೀಟರ್ ಅಂತ ಲೆಕ್ಕ ಹೇಳ್ತಾರೆ. ಇನ್ನು ವರ್ಷಗಟ್ಟಲೆ ಅಟ್ಟದ ಮೇಲಿಟ್ಟ ಶೂ ಹೊಸದರಂತೆ ಕಂಡರೂ ನಂಬಬೇಡಿ. ಪಾಲಿಯುರಿಥೇನ್ ಸೋಲು ಗಾಳಿಯ ತೇವಕ್ಕೇ ಒಳಗೊಳಗೆ ಪುಡಿಯಾಗಿರುತ್ತೆ. ಹೆಜ್ಜೆ ಹಾಕಿದ ಮೇಲೆ ಬಂಡವಾಳ ಬಯಲು.

ನಮ್ಮ ಗುಂಪಿನಲ್ಲಿ ಒಬ್ಬ ಹುಡುಗನ ಶೂ ಐದನೇ ದಿನ ಕಪ್ಪೆಯ ಹಾಗೆ ಬಾಯಿ ತೆರೆಯಿತು. ಬೆಲೆ ಆರು ಸಾವಿರ, ಕಂತಿನಲ್ಲಿ ತಂದದ್ದು. ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಹಿರಿಯರು ತಿರುಗಿಸಿ ಮುರುಗಿಸಿ ನೋಡಿ, “ಇದಕ ಸೂಜಿ ಹಾಕಿದ್ರ ಬಟ್ಟಿನೂ ಹರಿತೈತಿ ತಮ್ಮಾ, ಹೊಲಿಗಿ ಹಿಡಿಯೂದಿಲ್ಲ” ಅಂತ ವಾಪಸ್ ಕೊಟ್ಟರು. ಅದೇ ಹೊತ್ತಿಗೆ ಇನ್ನೊಬ್ಬರ ಟೈರಿನ ಚಪ್ಪಲಿಗೆ ನಾಲ್ಕು ಹೊಲಿಗೆ ಹಾಕಿ, ಒಂದು ಮೊಳೆ ಹೊಡೆದು ಕಳಿಸಿದರು. ಆ ಚಪ್ಪಲಿ ಶ್ರೀಶೈಲ ನೋಡಿತು. ಶೂ ನೋಡಲಿಲ್ಲ.

ಹಾಗಂತ ಹಳೆಯದೆಲ್ಲಾ ಚಿನ್ನ ಅಂತ ನಾನು ಹೇಳ್ತಿಲ್ಲ. ಕೊಲ್ಹಾಪುರಿ ಚಪ್ಪಲಿಯನ್ನೇ ತಗೊಳ್ಳಿ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ. ಚರ್ಮದಿಂದಲೇ ಹೊಲಿದದ್ದು, ಕಿತ್ತರೆ ಮತ್ತೆ ಹೊಲಿಯಬಹುದು, ಎಲ್ಲಾ ಸರಿ. ಆದರೆ ಹೊಸದು ಕಚ್ಚುತ್ತೆ. ತಿಂಗಳ ಮೊದಲೇ ಎಣ್ಣೆ ಉಣಿಸಿ ಕಾಲಿಗೆ ಪಳಗಿಸಬೇಕು. ಸಪಾಟು ರಸ್ತೆಗೆ ಚೆಂದ, ಆದರೆ ಭೀಮನ ಕೊಳ್ಳದ ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ಆ ಚರ್ಮದ ಸೋಲು ಜಾರುತ್ತೆ. ಹವಾಯಿ ಚಪ್ಪಲಿಯ ಬಾರು ಕಿತ್ತರೆ ಒಂದು ಪಿನ್ನು ಚುಚ್ಚಿದರೆ ಸಾಕು, ಊರೂರಲ್ಲಿ ಹೊಸ ಬಾರು ಸಿಗುತ್ತೆ. ಆದರೆ ತೆಳ್ಳಗೆ ಸವೆದ ಹವಾಯಿಯೊಳಗಿಂದ ಡಾಂಬರಿನ ಕಾವು ನೇರ ಅಂಗಾಲಿಗೆ ಬರುತ್ತೆ.

ಚೀಲದ್ದೂ ಇದೇ ಕತೆ. ರಸ್ತೆ ಇರುವವರೆಗೆ ಗುಂಪಿನ ಸಾಮಾನು ಟ್ರ್ಯಾಕ್ಟರಿನಲ್ಲಿ ಬರುತ್ತೆ, ದಾಸೋಹದವರು ಹೆಜ್ಜೆಹೆಜ್ಜೆಗೂ ಊಟ, ಮಜ್ಜಿಗೆ ಕೊಡ್ತಾರೆ. ಕಾಡಿನಲ್ಲಿ ಮಾತ್ರ ನಿಮ್ಮ ಹೊರೆ ನಿಮಗೆ. ಅಲ್ಲಿ ಕೈಕೊಡೋದು ಪಟ್ಟಿ ಚೀಲಕ್ಕೆ ಸೇರುವ ಜಾಗ, ಆಮೇಲೆ ಜಿಪ್ಪು. ಜಿಪ್ಪಿನ ಹಲ್ಲಿಗೆ ಧೂಳು ಸೇರಿದರೆ ಮುಗೀತು, ಮುಚ್ಚೋದೇ ಇಲ್ಲ. ಒಳಗಿನ ಜಲನಿರೋಧಕ ಲೇಪವೂ ಕೆಲವು ವರ್ಷಕ್ಕೆ ಅಂಟಂಟಾಗಿ ಸಿಪ್ಪೆ ಬಿಡುತ್ತೆ. ಬಾಯಿಗೆ ದಾರ ಕಟ್ಟುವ ಚೀಲಕ್ಕೆ ಈ ಯಾವ ಕಾಟವೂ ಇಲ್ಲ. ಆದರೆ ಅದರ ಬಟ್ಟೆಯ ಪಟ್ಟಿ ಹೆಗಲು ಕೊಯ್ಯುತ್ತೆ! ಅದಕ್ಕೇ ಅಗಲ ಪಟ್ಟಿಯ, ಹೊಲಿಗೆ ಕಣ್ಣಿಗೆ ಕಾಣುವ ಚೀಲ ನೋಡಿ ತಗೊಳ್ಳಿ. ಕಂಬಳಿ, ಕೌದಿ ಟ್ರ್ಯಾಕ್ಟರಿಗೆ ಬಿಡಿ, ಕಾಡಿಗೆ ಒಂದು ಚಾದರ ಸಾಕು. ನೀರಿಗೆ ಮತ್ತೆ ಮತ್ತೆ ತುಂಬಿಸಬಹುದಾದ ದಪ್ಪ ಬಾಟಲಿಯೇ ಇರಲಿ. ನಾವು ನಡೆಯೋದು ಹುಲಿ ಮೀಸಲು ಅರಣ್ಯದಲ್ಲಿ, ಅಲ್ಲಿ ಖಾಲಿ ಬಾಟಲಿ ಎಸೆದು ಬಂದು ಮಲ್ಲಯ್ಯನಿಗೆ ಕೈಮುಗಿದರೆ ಏನು ಬಂತು?

ಇಷ್ಟೆಲ್ಲಾ ಬರೆಯೋಕೆ ಕಾರಣ ನಮ್ಮ ಕಾಕಾ. ವಯಸ್ಸು ಅರವತ್ತೆರಡು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬರುವ ಯುಗಾದಿಗೆ “ಬರಿಗಾಲಿಲೇ ಹೋಗಾಂವ, ಹರಕಿ ಐತಿ” ಅಂತ ಕೂತಿದ್ದಾರೆ. ಮಗ ಅವರಿಗಾಗಿ ದುಬಾರಿ ಶೂ ತರಿಸಿದ್ದಾನೆ. ಇಬ್ಬರ ನಡುವೆ ಜಗಳ. ಸಕ್ಕರೆ ಇದ್ದವರ ಅಂಗಾಲು ಜೋಮು ಹಿಡಿದಿರುತ್ತೆ, ಬೊಬ್ಬೆ ಎದ್ದರೂ ಕಲ್ಲು ಚುಚ್ಚಿದರೂ ಗೊತ್ತಾಗಲ್ಲ. ಸಣ್ಣ ಗಾಯ ಕೊಳೆತು ಬೆರಳು, ಪಾದ ಕತ್ತರಿಸುವವರೆಗೆ ಹೋಗುತ್ತೆ. ಇಲ್ಲಿ ರಿಪೇರಿಯ ಮಾತು ಎರಡನೆಯದು, ಕಾಲು ಮೊದಲನೆಯದು. ಚಪ್ಪಲಿ ಹರಿದರೆ ಹೊಲಿಯಬಹುದು, ಕಾಲಿಗೆ ಯಾವ ದಬ್ಬಣ ಇದೆ?

ಕಾಕಾಗೆ ನಾನು ಹೇಳಿದ್ದು: ಮೊದಲು ಡಾಕ್ಟರಿಗೆ ಕಾಲು ತೋರಿಸಿ. ಅವರು ಹೂಂ ಅಂದರೆ ಮುಂಭಾಗ ಅಗಲ ಇರುವ ಶೂ, ಮನೆಯಿಂದಲೇ ಒಂದು ತಿಂಗಳು ಹೊಲಕ್ಕೆ ಹಾಕಿಕೊಂಡು ಹೋಗಿ ಪಳಗಿಸಿದ್ದು. ಎರಡು ಜೊತೆ ಕಾಲುಚೀಲ, ಒದ್ದೆಯಾದದ್ದನ್ನು ಕೂಡಲೇ ಬದಲಿಸಬೇಕು. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಬೇಕು. ಮಲ್ಲಯ್ಯ ನಡಿಗೆ ಕೇಳಿದ್ದಾನೋ, ಕಾಲನ್ನೇ ಕೇಳಿದ್ದಾನೋ? ಕಾಕಾ ಇನ್ನೂ ಉತ್ತರ ಕೊಟ್ಟಿಲ್ಲ.

ಹೊರದೇಶದ ಒಬ್ಬ ಅಜ್ಜಿಯ ಕತೆ ಕೇಳಿ. ಎಮ್ಮಾ ಗೇಟ್‌ವುಡ್ ಅಂತ. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಅಮೆರಿಕದ ಅಪಲೇಚಿಯನ್ ಟ್ರೇಲನ್ನು ಒಬ್ಬರೇ ನಡೆದು ಮುಗಿಸಿದರು. ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು! ಹೆಗಲಲ್ಲಿ ತಾವೇ ಹೊಲಿದ ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಸಾಧಾರಣ ಕ್ಯಾನ್ವಾಸ್ ಶೂ. ಶೂ ಸವೆದಾಗ ಇನ್ನೊಂದು ಜೊತೆ ಹಾಕಿಕೊಂಡರು. ಆ ಅಜ್ಜಿಯನ್ನು ನಮ್ಮ ಪಾದಯಾತ್ರೆಯ ಗುಂಪಿಗೆ ಸೇರಿಸಿದರೆ ಒಬ್ಬರಿಗೂ ಹೊರಗಿನವರು ಅನ್ನಿಸುತ್ತಿರಲಿಲ್ಲ :-)

ಕೊನೆಯದಾಗಿ ಒಂದು ಮಾತು. ಹೊಲಿಯಲು ಬಾರದ ಸಾಮಾನು ನಾವು ಕೊಂಡಷ್ಟೂ ಹೊಲಿಯುವವರಿಗೆ ಕೆಲಸ ಕಡಿಮೆ. ಇವತ್ತು ಆ ಹಿರಿಯರು ಶೂ ವಾಪಸ್ ಕೊಟ್ಟರು. ನಾಳೆ ಅವರ ಮಗ ಅಲ್ಲಿ ಗೋಣಿಚೀಲ ಹಾಸಿ ಕೂರೋದಿಲ್ಲ. ಆಗ ಟೈರಿನ ಚಪ್ಪಲಿ ಕಿತ್ತರೂ ಎಸೆಯೋದೇ ಗತಿ. ಹಾಗಾಗಿ ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಒಂದೇ ಪ್ರಶ್ನೆ ಕೇಳಿ: ಇದು ಕಿತ್ತರೆ ಲಿಂಗಸುಗೂರಿನ ರಸ್ತೆ ಬದಿಯಲ್ಲಿ ಯಾರಾದರೂ ಹೊಲಿದು ಕೊಡ್ತಾರಾ? ಜೊತೆಗೆ ಚೀಲದಲ್ಲಿ ಒಂದು ದಬ್ಬಣ, ಒಂದು ಉಂಡೆ ನೈಲಾನ್ ದಾರ, ನಾಲ್ಕು ಪಿನ್ನು ಇಟ್ಟುಕೊಳ್ಳಿ. ತೂಕ ಐವತ್ತು ಗ್ರಾಮೂ ಆಗಲ್ಲ.

ನಿಮ್ಮ ದೂರದ ನಡಿಗೆಗಳಲ್ಲಿ ಮೊದಲು ಕೈಕೊಟ್ಟ ಸಾಮಾನು ಯಾವುದು? ಹೇಗೆ ಸರಿ ಮಾಡ್ಕೊಂಡ್ರಿ? ನೀವೂ ಬರೀರಿ, ಕಾಕಾಗೆ ಓದಿ ಹೇಳ್ತೀನಿ.