ಐವತ್ತು ಸಾವಿರದ ಆಟದ ಗಣಕ

ಆಟದ ಗಣಕಯಂತ್ರಕ್ಕಾಗಿ ಮಕ್ಕಳು ಹಠ ಹಿಡಿದ ಮನೆಗಳಲ್ಲಿ ಹಿರಿಯರಿಗೆ ಎರಡು ಬಗೆಯ ಭಯವುಂಟು: ಓದು ಕೆಟ್ಟೀತೆಂಬುದೊಂದು, ಹಣ ಹಾಳಾದೀತೆಂಬುದು ಮತ್ತೊಂದು. ಮೊದಲನೆಯದರ ವಿಚಾರವನ್ನು ಈ ತಿಂಗಳು ಬದಿಗಿಡುವೆವು. ಎರಡನೆಯ ಭಯವಾದರೋ, ಭಾಗಗಳನ್ನು ವಿವೇಕದಿಂದ ಆರಿಸಿದಲ್ಲಿ ಬಹುಮಟ್ಟಿಗೆ ನೀಗತಕ್ಕದ್ದಾಗಿದೆ.

ಹೆಬ್ಬಾಳದಲ್ಲಿ ನಮ್ಮ ನೆರೆಯ ಹುಡುಗನೊಬ್ಬನು ಪಿ.ಯು.ಸಿ. ಮುಗಿಸಿ, ತಾನೇ ಭಾಗಗಳನ್ನು ತಂದು ಯಂತ್ರವನ್ನು ಜೋಡಿಸುವೆನೆಂದು ಪಟ್ಟಿ ಬರೆದು ನಮ್ಮಲ್ಲಿಗೆ ಬಂದನು. ಐವತ್ತು ಸಾವಿರ ರೂಪಾಯಿಗಳಲ್ಲಿ ಮೂವತ್ತು ಸಾವಿರವು ತಾಯಿಯ ಚೀಟಿಯ ಹಣ. ಆಕೆಯು ಹೊಲಿಗೆಯಿಂದ ಕೂಡಿಸಿದ್ದು. ಮಿಕ್ಕದ್ದನ್ನು ಅವನೇ ರಜೆಯಲ್ಲಿ ದುಡಿದಿದ್ದನು. “ಮೇಷ್ಟ್ರೇ, ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗಾಗೋಲ್ಲ ತಾನೆ?” ಎಂದು ಆ ತಾಯಿ ಕೇಳಿದುದು ನ್ಯಾಯವಾದ ಪ್ರಶ್ನೆ. ಐವತ್ತು ಸಾವಿರದಲ್ಲಿ ಶೇಕಡಾ ೧೮ರ ಜಿ.ಎಸ್.ಟಿ. ಸೇರಿರುವುದರಿಂದ ಸರಕಿಗೆ ಸಲ್ಲುವುದು ೪೨,೪೦೦ಕ್ಕೆ ತುಸು ಕಡಿಮೆಯೇ. ಪರದೆಯೂ ಕೀಬೋರ್ಡೂ ಮನೆಯಲ್ಲಿ ಮೊದಲೇ ಇದ್ದುದು ಪುಣ್ಯ.

ಆಯ್ಕೆಯನ್ನು ಪರದೆಯಿಂದ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಅವರ ಮನೆಯ ಪರದೆಯಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಚುಕ್ಕೆಗಳು, ಒಟ್ಟು ೨೦,೭೩,೬೦೦. ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಾಗಬೇಕಾದರೆ ಹನ್ನೆರಡು ಕೋಟಿಗೂ ಮಿಕ್ಕ ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. ಈ ಕೆಲಸವು ಗ್ರಾಫಿಕ್ಸ್ ಕಾರ್ಡಿನದು. ಆದುದರಿಂದ ಹಣದಲ್ಲಿ ಹೆಚ್ಚುಕಡಿಮೆ ನಾಲ್ವತ್ತು ಪಾಲು ಅದಕ್ಕೇ ಸಲ್ಲಬೇಕು. ೨೦೨೧ರಲ್ಲಿ ಬಂದ ರೇಡಿಯಾನ್ ಆರ್.ಎಕ್ಸ್. ೬೬೦೦ ಎಂಬುದು ೮ ಜಿ.ಬಿ. ಸ್ವಂತ ಮೆಮೊರಿಯುಳ್ಳದ್ದು, ಇಂಥ ಪರದೆಗೆ ಸಾಕು. ಅದೇ ಬೆಲೆಗೆ ಈಚಿನದು ದೊರೆತರೆ ಅದೇ ಲೇಸು. ಪರದೆಯೇ ತೋರಿಸಲಾರದ ಚುಕ್ಕೆಗಳಿಗಾಗಿ ದೊಡ್ಡ ಕಾರ್ಡನ್ನು ಕೊಳ್ಳುವುದು ಮಾತ್ರ ದುಂದು.

ಪ್ರೊಸೆಸರಿಗೆ ಇಷ್ಟು ಚಿಂತೆ ಬೇಡ. ಆರು ಕೋರ್‌ಗಳ ರೈಜೆನ್ ೫ ೫೬೦೦ ಆಗಲಿ, ಇನ್ನೂ ಅಗ್ಗವಾಗಿ ಇಂಟೆಲ್ಲಿನ ಐ೩-೧೨೧೦೦ಎಫ್ ಆಗಲಿ ಸಾಕು, ಎರಡೂ ೨೦೨೨ರವು. ಆ ‘ಎಫ್’ ಅಕ್ಷರವನ್ನು ಗಮನಿಸತಕ್ಕದ್ದು: ಅದಿರುವ ಪ್ರೊಸೆಸರಿಗೆ ತಾನಾಗಿ ಚಿತ್ರ ತೋರಿಸುವ ಶಕ್ತಿಯಿಲ್ಲ, ಕಾರ್ಡು ಕೆಟ್ಟ ದಿನ ಪರದೆಯೂ ಕತ್ತಲೆ.

ಇನ್ನು ಹೊಂದಾಣಿಕೆಯ ಮಾತು. ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕೆಂದು ನಮ್ಮ ತಾರ್ಕಿಕರು ಹೇಳುವರು. ಬೆಂಕಿಯನ್ನು ಚಿಮುಕಿಸಿ ಗಿಡವನ್ನು ನೆನೆಯಿಸಿದನೆಂದರೆ ಪದಗಳೆಲ್ಲ ಸರಿಯೇ, ಯೋಗ್ಯತೆ ಮಾತ್ರ ಇಲ್ಲ. ಹುಡುಗನ ಪಟ್ಟಿಯಲ್ಲಿಯೂ ಹೀಗೆಯೇ ಆಗಿತ್ತು. ಬಿ೪೫೦ ಮದರ್‌ಬೋರ್ಡಿನ ಎದುರು ಡಿ.ಡಿ.ಆರ್. ೫ರ ರ‍್ಯಾಮ್ ಬರೆದಿದ್ದನು. ಆ ಬೋರ್ಡು ಡಿ.ಡಿ.ಆರ್. ೪ಕ್ಕೆ ಮಾಡಿದ್ದು, ಕಚ್ಚಿನ ಸ್ಥಾನವೇ ಬೇರೆಯಾದುದರಿಂದ ಇದು ಅದರ ಸ್ಲಾಟಿನಲ್ಲಿ ಕೂರಲೇ ಕೂರದು. ಮೇಲಾಗಿ ಬಿ೪೫೦ ಬಂದುದು ೨೦೧೮ರಲ್ಲಿ. ಹಳೆಯ ದಾಸ್ತಾನಿನ ಬೋರ್ಡಾದರೆ ಅಂಗಡಿಯಲ್ಲಿಯೇ ಬಯಾಸನ್ನು ಹೊಸದು ಮಾಡಿಸಿಕೊಳ್ಳದೆ ೨೦೨೨ರ ಪ್ರೊಸೆಸರನ್ನು ಅದು ಗುರುತಿಸದಿರಬಹುದು.

ರ‍್ಯಾಮಿನ ಬೆಲೆಯಂತೂ ೨೦೨೫ರ ಕಡೆಯ ತಿಂಗಳುಗಳಲ್ಲಿ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕಾಲಯಗಳು ಮೆಮೊರಿಯನ್ನೆಲ್ಲ ಸೆಳೆದುಕೊಂಡುದೇ ಇದಕ್ಕೆ ಮುಖ್ಯ ಕಾರಣ. ಸಾಧ್ಯವಾದರೆ ೮ ಜಿ.ಬಿ.ಯವು ಎರಡನ್ನು ಜೋಡಿಯಾಗಿ ಕೊಳ್ಳಿರಿ. ಹಣ ಸಾಲದಿದ್ದರೆ ಈಗ ಒಂದು, ಮುಂದಿನ ವರ್ಷ ಒಂದು. ಎಸ್.ಎಸ್.ಡಿ.ಯನ್ನೂ ಹೀಗೆಯೇ ೫೦೦ ಜಿ.ಬಿ.ಯಿಂದ ಆರಂಭಿಸಬಹುದು.

ಹೀಗೆ ಮುಂದಕ್ಕೆ ಹಾಕಬಾರದ ವಸ್ತು ಒಂದುಂಟು; ಅದೇ ಎಸ್.ಎಂ.ಪಿ.ಎಸ್. ಮನೆಯ ೨೩೦ ವೋಲ್ಟಿನ ವಿದ್ಯುತ್ತನ್ನು ೧೨ ವೋಲ್ಟು ಮೊದಲಾದವಕ್ಕೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ಪೆಟ್ಟಿಗೆಯಿದು. ಹುಡುಗನ ಪಟ್ಟಿಯಲ್ಲಿ ಇದಕ್ಕೆ ಕಂಪನಿಯ ಹೆಸರೇ ಇರಲಿಲ್ಲ. ಕ್ಯಾಬಿನೆಟ್ಟಿನೊಡನೆ ಪುಕ್ಕಟೆಯಾಗಿ ಬರುವುದೆಂದು ಬರೆದಿದ್ದನು. ಪುಕ್ಕಟೆಯ ಪೆಟ್ಟಿಗೆಯ ಮೇಲೆ ೫೦೦ ವಾಟೆಂದು ಅಚ್ಚಾಗಿರುವುದು ಸುಲಭ, ಅಷ್ಟನ್ನು ಕೊಡುವುದು ಕಷ್ಟ. ಬೇರೆ ಭಾಗವು ಕೆಟ್ಟರೆ ತಾನೊಂದೇ ಕೆಡುವುದು. ಇದು ಕೆಟ್ಟರೆ ಹಲವು ವೇಳೆ ಮಿಕ್ಕವನ್ನೂ ಸುಟ್ಟು ಹೋಗುವುದು. ಮೂವತ್ತು ಸಾವಿರದ ಹೊಲಿಗೆಯ ದುಡಿಮೆಯು ಇದರ ಕೈಯಲ್ಲಿರುವುದೆಂದು ನಾವು ಹೇಳಿದಾಗ ಹುಡುಗನು ಮೊದಲ ಬಾರಿಗೆ ಸುಮ್ಮನಾದನು. ಲೆಕ್ಕ ಕಠಿಣವಲ್ಲ: ಪ್ರೊಸೆಸರಿಗೆ ೬೫ ವಾಟು, ಕಾರ್ಡಿಗೆ ೧೩೨, ಇತರಕ್ಕೆ ಉದಾರವಾಗಿ ೧೦೦. ೮೦ ಪ್ಲಸ್ ಗುರುತುಳ್ಳ, ಹೆಸರಾಂತ ಕಂಪನಿಯ ೫೦೦ ಅಥವಾ ೫೫೦ ವಾಟಿನದು ಧಾರಾಳವಾಯಿತು. ಆ ಗುರುತು ವಿದ್ಯುತ್ತಿನ ಮಿತವ್ಯಯವನ್ನು ಹೇಳುವುದೇ ಹೊರತು ಬಾಳಿಕೆಯನ್ನಲ್ಲ. ಬಾಳಿಕೆಗೆ ವಾರಂಟಿಯ ವರ್ಷಗಳನ್ನು ನೋಡಿರಿ. ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ಪರೀಕ್ಷೆ ಮಾಡಿಸುವುದೂ ಇದರ ಜೊತೆಯ ಖರ್ಚೇ. ಭರಣಿ, ಕೃತ್ತಿಕೆ ಮಳೆಗಳ ಗುಡುಗು ಮಿಂಚಿನಲ್ಲಿ ಪ್ಲಗ್ಗನ್ನೇ ಕಿತ್ತಿಡುವುದು ಲೇಸು.

ಇದಕ್ಕೆ ಹಣವೆಲ್ಲಿಂದ? ಪಟ್ಟಿಯಲ್ಲಿ ಬಣ್ಣಬಣ್ಣದ ದೀಪಗಳುಳ್ಳ ಆರು ಫ್ಯಾನುಗಳೂ ಗಾಜಿನ ಕ್ಯಾಬಿನೆಟ್ಟೂ ಇದ್ದವು. “ದೀಪ ಇಲ್ದಿದ್ರೆ ಅದನ್ನ ಗೇಮಿಂಗ್ ಪೀಸಿ ಅಂತ ಯಾರು ನಂಬ್ತಾರೆ, ಮೇಷ್ಟ್ರೇ?” ಎಂದನು. “ನಂಬಬೇಕಾದವರು ನಿಮ್ಮಮ್ಮ ಒಬ್ಬರೇ ಅಲ್ಲವೇನಪ್ಪಾ” ಎಂದೆವು. ಮುಂಭಾಗದಲ್ಲಿ ಜಾಲರಿಯುಳ್ಳ, ಗಾಳಿಯಾಡುವ ಸಾದಾ ಕ್ಯಾಬಿನೆಟ್ಟು ಎರಡು ಫ್ಯಾನುಗಳೊಡನೆ ಉಳಿಯಿತು.

ಐವತ್ತು ಸಾವಿರವೂ ಇಲ್ಲದ ಮನೆಯವರು ಕಚೇರಿಗಳಿಂದ ಹೊರಬಿದ್ದ ಹಳೆಯ ಗಣಕವನ್ನು ಕೊಂಡು ಕಾರ್ಡು ಸೇರಿಸುವುದುಂಟು. ಉಪಾಯವು ಒಳ್ಳೆಯದೇ, ಆದರೆ ಅಂಥವುಗಳ ಎಸ್.ಎಂ.ಪಿ.ಎಸ್. ಚಿಕ್ಕದು, ಕಾರ್ಡಿಗೆ ಬೇರೆ ತಂತಿಯಿರದು. ಸ್ಲಾಟಿನಿಂದ ದೊರೆಯುವ ೭೫ ವಾಟಿನಲ್ಲಿಯೇ ನಡೆಯುವ ಕಾರ್ಡನ್ನು ಹುಡುಕಬೇಕಾಗುವುದು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದುದರಿಂದ ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಳೆಯದನ್ನು ಮುಟ್ಟದಿರುವುದೇ ಮೇಲು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗವೆಂದು ರೈಲು ಹತ್ತುವವರು ಹೋಗಿಬರುವ ಖರ್ಚನ್ನೂ, ಕೆಟ್ಟರೆ ಮತ್ತೊಮ್ಮೆ ಹೋಗಬೇಕಾಗುವುದನ್ನೂ ಕೂಡಿಸಿ ನೋಡಲಿ. ಎಲ್ಲಿಯೇ ಕೊಂಡರೂ ಪ್ರತಿಯೊಂದು ಭಾಗದ ಸೀರಿಯಲ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಯಿಸಿಕೊಂಡು, ವಾರಂಟಿ ತೀರುವವರೆಗೆ ರಟ್ಟಿನ ಪೆಟ್ಟಿಗೆಗಳನ್ನು ಅಟ್ಟದ ಮೇಲಿಡಿರಿ. ಜೋಡಣೆ ಮುಗಿದು ಮೊದಲ ಸಲ ಒತ್ತಿದಾಗ ಪರದೆ ಕಪ್ಪಾಗಿಯೇ ಇದ್ದರೆ ಗಾಬರಿಯಾಗಬೇಡಿರಿ. ಪರದೆಯ ತಂತಿಯು ಮದರ್‌ಬೋರ್ಡಿಗಲ್ಲದೆ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ ಎಂದು ನೋಡಿ, ಯಂತ್ರವನ್ನು ಆರಿಸಿ ಪ್ಲಗ್ ಕಿತ್ತು, ರ‍್ಯಾಮನ್ನು ಟಕ್ಕೆಂಬ ಸದ್ದಾಗುವವರೆಗೆ ಮತ್ತೊಮ್ಮೆ ಒತ್ತಿರಿ.