ಹಸಿರು ಟೊಮೆಟೊದ ಪರವಾಗಿ ಒಂದು ವಾದ, ಒಂದು ತಪ್ಪೊಪ್ಪಿಗೆ



ಕಳೆದ ವಾರ ನಮ್ಮ ಹಿತ್ತಲಿನ ಟೊಮೆಟೊ ಗಿಡಗಳನ್ನು ಕಿತ್ತೆವು. ಎಲೆ ಸುರುಟಿ ಗಿಡಗಳಿಗೆ ಮುಪ್ಪು ಬಂದಿತ್ತು; ಆದರೂ ಟೊಂಗೆಗಳಲ್ಲಿ ಎರಡು ಕಿಲೋದಷ್ಟು ಹಸಿರು ಕಾಯಿಗಳು ಉಳಿದಿದ್ದವು. ರಜೆಗೆ ಬಂದಿದ್ದ ಮೊಮ್ಮಗಳು ಅವನ್ನು ಗಿಡದ ಸಮೇತ ತಿಪ್ಪೆಗೆ ಎಸೆಯಲು ಹೊರಟಳು. ತಡೆದರೆ, "ಅಜ್ಜಾ, ಹಸಿರು ಟೊಮೆಟೊ ವಿಷ ಅಂತ. ಮೊಬೈಲಿನ್ಯಾಗ ಬಂದದ" ಎಂದಳು. ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಸಿಟ್ಟು ಅವಳ ಮೇಲಲ್ಲ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ವಿಷದ ಮಾತು. ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಇವೆಲ್ಲ ಒಂದೇ ಸಸ್ಯಕುಟುಂಬದವು. ಬಿಸಿಲು ತಾಗಿ ಹಸಿರಾದ ಆಲೂಗಡ್ಡೆಯಲ್ಲಿ ಸೊಲನಿನ್ ಹೆಚ್ಚಾಗುತ್ತದೆ. ಅದನ್ನು ತಿನ್ನಬಾರದು ಎಂಬುದು ಸರಿಯಾದ ಎಚ್ಚರಿಕೆ. ಆದರೆ ಆಲೂಗಡ್ಡೆಯ ಅಪರಾಧಕ್ಕೆ ಟೊಮೆಟೊಗೆ ಶಿಕ್ಷೆ ವಿಧಿಸುವುದು ಯಾವ ನ್ಯಾಯ? ಟೊಮೆಟೊಕಾಯಿಯಲ್ಲಿ ಮುಖ್ಯವಾಗಿ ಇರುವುದು ಟೊಮ್ಯಾಟಿನ್ ಎಂಬ ಬೇರೊಂದು ವಸ್ತು. ಎಳೆಯ ಕಾಯಿಯಲ್ಲಿ ಅದು ಹೆಚ್ಚು. ಕಾಯಿ ಬಲಿತು ಹಣ್ಣಾದಂತೆ ಕಡಿಮೆಯಾಗುತ್ತದೆ. ನಮ್ಮ ಕರುಳು ಅದನ್ನು ಹೀರಿಕೊಳ್ಳುವುದೂ ಅಲ್ಪ. ಬೆರಳ ತುದಿಯಷ್ಟಿರುವ ಎಳೆಕಾಯಿ, ಎಲೆ, ಕಾಂಡಗಳನ್ನು ಬಿಟ್ಟು, ಬಲಿತ ಹಸಿರು ಕಾಯಿಯ ಚಟ್ನಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದರೆ ಭಯಪಡುವ ಕಾರಣವಿಲ್ಲ. ಹುರಿದರೆ ವಿಷ ಇಳಿಯುತ್ತದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅದೂ ಅರೆಜ್ಞಾನವೇ. ಆ ವಸ್ತು ಬಿಸಿಗೆ ಸುಲಭವಾಗಿ ಒಡೆಯುವುದಿಲ್ಲ. ನಾವು ಕಾಯಿ ಹುರಿಯುವುದು ರುಚಿಗಾಗಿ.

ಇನ್ನು ಕೆಲವರ ತಕರಾರು, ಇದು ಇಲ್ಲದವರ ಅಡುಗೆ ಎಂಬುದು. ಮಾವಿನಕಾಯಿ ಹಣ್ಣಾಗುವ ಮೊದಲೇ ಉಪ್ಪಿನಕಾಯಿಯಾದರೆ ಅದು ಸಂಪ್ರದಾಯ. ಬಾಳೆಕಾಯಿ ಪಲ್ಯವಾದರೆ ಹಬ್ಬದೂಟ. ಟೊಮೆಟೊಕಾಯಿ ಚಟ್ನಿಯಾದರೆ ಮಾತ್ರ ಬಡತನವೇ? ನೀವು ಪೇಟೆಯಲ್ಲಿ ಕೆಂಪೆಂದು ಆರಿಸಿ ತರುವ ಹಣ್ಣೂ ದೂರದಿಂದ ಬಂದಿದ್ದರೆ, ಬಹಳ ಸಲ ಹಸಿರಾಗಿಯೋ ಬಣ್ಣ ತಿರುಗುವಾಗಲೋ ಕಿತ್ತದ್ದು. ಕೆಂಪಾದದ್ದು ದಾರಿಯಲ್ಲಿ.

2023ರ ಜುಲೈನಲ್ಲಿ ಟೊಮೆಟೊ ದರ ಕಿಲೋಗೆ ನೂರು ರೂಪಾಯಿ ದಾಟಿದಾಗ ಮನೆಮನೆಯಲ್ಲೂ ಆಕ್ರೋಶವಿತ್ತು. ದರ ಬಿದ್ದು, ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ರಸ್ತೆಬದಿಗೆ ಹಣ್ಣು ಸುರಿದ ವರ್ಷಗಳಲ್ಲಿ ಆ ಆಕ್ರೋಶ ಎಲ್ಲಿತ್ತು? ಒಂದು ಬಟ್ಟಲು ಚಟ್ನಿಯಿಂದ ರೈತನ ಸಂಕಟ ನೀಗುತ್ತದೆ ಎನ್ನುವಷ್ಟು ಮೂರ್ಖ ನಾನಲ್ಲ. ಆದರೆ ಗಿಡ ಕೊಟ್ಟದ್ದನ್ನು ಬಣ್ಣ ನೋಡಿ ಎಸೆಯುವ ಕೈಗೆ, ಬೆಳೆದವನ ಬೆವರು ಎಂದೂ ಅರ್ಥವಾಗದು.

ಈಗ ತಪ್ಪೊಪ್ಪಿಗೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ವರ್ಷ. ಮಧ್ಯಾಹ್ನ ಊಟದ ವೇಳೆ ಏಳನೆಯ ತರಗತಿಯ ಹುಡುಗನೊಬ್ಬನ ಬುತ್ತಿಯಲ್ಲಿ ಜೋಳದ ರೊಟ್ಟಿ, ಹಸಿರು ಚಟ್ನಿ ಇದ್ದವು. ಏನೆಂದು ಕೇಳಿದೆ. "ಟೊಮೆಟಿಕಾಯಿದು ರೀ ಸರ, ನಮ್ಮವ್ವ ಮಾಡ್ಯಾಳ" ಎಂದ. ಅವರು ಹಣ್ಣನ್ನೆಲ್ಲ ಸಂತೆಗೆ ಮಾರಿ, ಉಳಿದ ಕಾಯಿಯನ್ನು ಮನೆಗೆ ಇಟ್ಟುಕೊಳ್ಳುತ್ತಿದ್ದರು. ನಾನು ಎಲ್ಲರ ಮುಂದೆ ಸಸ್ಯಶಾಸ್ತ್ರದ ಭಾಷಣ ಬಿಗಿದು, ಅದು ವಿಷವೆಂದು ಹೇಳಿ ಚೆಲ್ಲಿಸಿದೆ. ಹುಡುಗ ಒಂದು ಮಾತೂ ಆಡದೆ ಒಣರೊಟ್ಟಿಯನ್ನು ನೀರಿನಲ್ಲಿ ಅದ್ದಿಕೊಂಡು ತಿಂದ. ಮರುದಿನದಿಂದ ಅವನು ಬುತ್ತಿಯನ್ನು ಶಾಲೆಯ ಹಿಂದೆ ಕುಳಿತು ಬಿಚ್ಚತೊಡಗಿದ.

ಆಗ ಮೊಬೈಲ್ ಇರಲಿಲ್ಲ. ಸುಳ್ಳನ್ನು ಹರಡಲು ಒಬ್ಬ ಮಾಸ್ತರ ಸಾಕಾಗಿದ್ದ. ಆ ತಾಯಿಗೆ ತಿಳಿದದ್ದು ಪದವೀಧರನಾದ ನನಗೆ ತಿಳಿದಿರಲಿಲ್ಲ. ತಮ್ಮಾ, ನೀನು ಎಲ್ಲಿದ್ದರೂ ಇದನ್ನು ಓದುತ್ತಿದ್ದರೆ, ಅಂದು ನಿನ್ನ ಅವ್ವ ಸರಿ, ನಾನು ತಪ್ಪು.

ಆಕೆಯ ಚಟ್ನಿಯ ರುಚಿ ನಾನು ಕಾಣಲಿಲ್ಲ. ನಮ್ಮ ಮನೆಯವಳು ಮಾಡುವುದು ಹೀಗೆ: ಕಾಲು ಕಿಲೋ ಬಲಿತ ಕಾಯಿಗಳನ್ನು ಹೆಚ್ಚಿ, ಐದಾರು ಹಸಿಮೆಣಸಿನಕಾಯಿಯೊಡನೆ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಹುರಿಯಬೇಕು. ಹುರಿದ ಶೇಂಗಾ ಒಂದು ಹಿಡಿ, ಎಳ್ಳು ಒಂದು ಚಮಚ, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ, ಉಪ್ಪು, ನೆಲ್ಲಿಕಾಯಿ ಗಾತ್ರದ ಬೆಲ್ಲ ಸೇರಿಸಿ ತರಿತರಿಯಾಗಿ ರುಬ್ಬಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಬೇಕು. ಹುಣಸೆ ಬೇಡ, ಕಾಯಿಯ ಹುಳಿಯೇ ಸಾಕು.

ಮೊಮ್ಮಗಳು ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ನಿಮ್ಮ ಮಾಸ್ತರ