ಜತೆಗೊಬ್ಬ ಬೇಕು

ನಮ್ಮೂರ ಕಡೆಯವರಿಗೆ ಕಂಕನಾಡಿ ಆಸ್ಪತ್ರೆ ಗೊತ್ತು. 1880ರಲ್ಲಿ ಜರ್ಮನಿಯ ಪಾದ್ರಿ ಮುಲ್ಲರರು ಬಡವರಿಗೆ ಔಷಧಿ ಕೊಡುತ್ತ ಅದನ್ನು ಆರಂಭಿಸಿದರು. 2003ರಲ್ಲಿ ಲಾಹೋರಿನ ಪುಟ್ಟ ಹೆಣ್ಣುಮಗುವೊಂದು ಬಸ್ಸಿನಲ್ಲಿ ಗಡಿ ದಾಟಿ, ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಪಡೆದು ಗುಣವಾಗಿ ಮರಳಿತು. ಮಗುವಿನ ಕಾಯಿಲೆಗೆ ಮತವಿಲ್ಲ, ಗಡಿಯಿಲ್ಲ.

ಮಿಷನ್ನಿನವರು ಕಾಯಿಲೆಯ ಮಗುವನ್ನು ಪರದೇಶಕ್ಕೆ ಕರೆದೊಯ್ಯುವಾಗ ಹಣವನ್ನಷ್ಟೇ ಕೊಡುವುದಿಲ್ಲ. ಕಾಗದಪತ್ರ ಮಾಡಿಸಿ, ಜತೆಗೂ ಹೋಗುತ್ತಾರೆ. ನಮಗೋ, ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆ 1929ರಿಂದ ಹತ್ತಿರದಲ್ಲೇ ಇದೆ. ಆದರೂ ಗಂಡನಿಗೆ ರಜೆಯಿಲ್ಲದೆ, ತನಗೆ ಭಾಷೆ ಬಾರದೆ, ಎಷ್ಟೋ ತಾಯಂದಿರು ಹೊರಡಲು ಅಂಜುತ್ತಾರೆ.

ಬಂಧುಗಳೇ, ಮಾಲಿಕರಲ್ಲಿ ಆ ದಿನದ ರಜೆಯನ್ನು ಹಕ್ಕಿನಿಂದ ಕೇಳೋಣ. ಪ್ರತಿ ಚಾಳಿನಿಂದ, ಪ್ರತಿ ಹೊಟೇಲಿನಿಂದ ಜತೆಗೆ ಹೋಗಲು ಒಬ್ಬೊಬ್ಬರು ಹೆಸರು ಕೊಡಿರಿ. ಪಾದ್ರಿಗಳಿಂದ ಆದದ್ದು ಸಂಘದಿಂದ ಆಗದೇ?